ನನಗೊಬ್ಬಳಿಗೆ ಏನು ಅಡುಗೆ

ನಮ್ಮ ಹೆಂಗಸರ ಬಾಯಲ್ಲಿ ಆಗಾಗ ಬರುವ ಮಾತೊಂದಿದೆ. "ಇವತ್ತು ಮನೆಯಲ್ಲಿ ಯಾರೂ ಇಲ್ಲ, ನನಗೊಬ್ಬಳಿಗೆ ಏನು ಅಡುಗೆ?" ಯಜಮಾನರು ಊರಿಗೆ ಹೋಗಿರುತ್ತಾರೆ, ಮಕ್ಕಳು ಹಾಸ್ಟೆಲಿನಲ್ಲಿರುತ್ತಾರೆ. ನಿನ್ನೆಯ ಅನ್ನಕ್ಕೆ ಮಜ್ಜಿಗೆ ಕಲಸಿ, ನಿಂತುಕೊಂಡೇ, ಪಾತ್ರೆಯಿಂದಲೇ ಊಟ ಮುಗಿಸಿದರೆ ತಟ್ಟೆ ತೊಳೆಯುವ ಕೆಲಸವೂ ಉಳಿಯಿತು. ವರ್ಷವಿಡೀ ಹತ್ತು ಜನರಿಗೆ ಬಡಿಸಿದವಳು ಒಂದು ದಿನ ಒಲೆಗೂ ರಜೆ ಕೊಟ್ಟರೆ ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಪುಟ್ಟ ಮಾತಿನೊಳಗೆ ಒಂದು ದೊಡ್ಡ ಪ್ರಶ್ನೆ ಕೂತಿದೆ ಎಂದು ನನಗೆ ಅನ್ನಿಸುತ್ತದೆ. ಯಾರೂ ನೋಡದಿರುವಾಗ, ಯಾರಿಗೂ ಬೇಕಿಲ್ಲದಿರುವಾಗ, ಒಂದು ಕೆಲಸವನ್ನು ಸರಿಯಾಗಿ ಏಕೆ ಮಾಡಬೇಕು? ಶಿಸ್ತು, ಸತ್ಯ, ಅಚ್ಚುಕಟ್ಟು ಇವೆಲ್ಲ ನೋಡುವವರಿಗಾಗಿ ಇರುವುದೇ? ಹಾಗಾದರೆ ನೋಡುವವರೇ ಇಲ್ಲದ ಕಡೆ ಅವುಗಳಿಗೆ ಏನು ಬೆಲೆ?

ಈ ಪ್ರಶ್ನೆಗೆ ನನಗೆ ಜೊತೆ ಸಿಕ್ಕಿದ್ದು ಪುರಾಣದಲ್ಲೂ ಅಲ್ಲ, ಪ್ರವಚನದಲ್ಲೂ ಅಲ್ಲ. ಒಬ್ಬೊಬ್ಬರೇ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ ಬಂದವರ ಕಥೆಗಳಲ್ಲಿ. ನನ್ನ ತಮ್ಮ ಸರಕು ಹಡಗಿನಲ್ಲಿ ಎಂಜಿನಿಯರ್. ರಜೆಗೆ ಬಂದಾಗಲೆಲ್ಲ ಒಂದೆರಡು ಪುಸ್ತಕ ಇಲ್ಲಿ ಬಿಟ್ಟು ಹೋಗುತ್ತಾನೆ. "ಅಕ್ಕ, ನಿನಗೆ ಇವೆಲ್ಲ ಹಿಡಿಸುತ್ತದೋ ಇಲ್ಲವೋ" ಎಂದು ಸಂಕೋಚದಿಂದಲೇ ಕೊಟ್ಟಿದ್ದ. ಮಧ್ಯಾಹ್ನದ ಹೊತ್ತು ಓದಲು ಕೂತವಳಿಗೆ ಸಂಜೆಯ ದೀಪ ಹಚ್ಚುವುದು ನೆನಪಾದದ್ದು ಪಕ್ಕದ ಮನೆಯ ಗಂಟೆಯ ಸದ್ದು ಕೇಳಿದ ಮೇಲೆ.

ಮೊದಲು ದೋಣಿಯ ಅಳತೆ ಹೇಳಿಬಿಡುತ್ತೇನೆ. ಎಲ್ಲೂ ನಿಲ್ಲದೆ, ಯಾರ ಸಹಾಯವನ್ನೂ ಪಡೆಯದೆ, ಒಬ್ಬನೇ ಭೂಮಿಯನ್ನು ಸುತ್ತಿ ಬಂದ ಮೊದಲ ಮನುಷ್ಯ ಇಂಗ್ಲೆಂಡಿನ ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವನ ದೋಣಿ 'ಸುಹೈಲಿ'ಯ ಉದ್ದ 32 ಅಡಿ, ಅಗಲ 11 ಅಡಿ. ಅಂದರೆ ನಮ್ಮ ವಠಾರದ ಎರಡು ಕೋಣೆಯ ಮನೆಗಿಂತ ದೊಡ್ಡದಲ್ಲ. ಇನ್ನೊಂದು ಸಂಗತಿ ಗೊತ್ತೇ? ಆ ದೋಣಿ ಹುಟ್ಟಿದ್ದು ಬೊಂಬಾಯಿಯಲ್ಲಿ, ತೇಗದ ಮರದಲ್ಲಿ, ನಮ್ಮ ದೇಶದ ಬಡಗಿಗಳ ಕೈಯಲ್ಲಿ. 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಹೊರಟವನು ಮತ್ತೆ ಅಲ್ಲಿಗೆ ಮರಳಿದ್ದು 1969ರ ಏಪ್ರಿಲ್ 22ರಂದು. ಮುನ್ನೂರಕ್ಕೂ ಹೆಚ್ಚು ದಿನ ಅಷ್ಟು ಚಿಕ್ಕ ಜಾಗದಲ್ಲಿ ಒಬ್ಬನೇ! ಹೊರಟಾಗ ಅವನಿಗೆ 29 ವರ್ಷ. ಮೂವತ್ತನೆಯ ಹುಟ್ಟುಹಬ್ಬ ನಡುಗಡಲಿನಲ್ಲೇ ಆಯಿತು.

ಇಷ್ಟು ದಿನ ಅವನು ಏನು ಮಾಡಿದ? ಇಂಥ ಯಾನವೆಂದರೆ ದಿನವೂ ಬಿರುಗಾಳಿ, ಬೆಟ್ಟದಂಥ ಅಲೆ, ತಿಮಿಂಗಿಲ ಎಂದು ನಾವು ಅಂದುಕೊಳ್ಳುತ್ತೇವೆ. ಅವೆಲ್ಲ ಇವೆ, ಇಲ್ಲವೆಂದಲ್ಲ. ಆದರೆ ಈ ಪುಸ್ತಕಗಳನ್ನು ಓದುತ್ತ ಹೋದಂತೆ ನನಗೆ ನಗು ಬಂತು. ಏಕೆಂದರೆ ಮುಕ್ಕಾಲು ಪಾಲು ದಿನ ಅವರು ಮಾಡುತ್ತಿದ್ದುದು ನಾವು ಮಾಡುವ ಮನೆಗೆಲಸವನ್ನೇ!

ಬೆಳಗಾಗುತ್ತಲೇ ದೋಣಿಯನ್ನು ಒಂದು ಸುತ್ತು ಹಾಕಿ ನೋಡಬೇಕು. ಯಾವ ಹಗ್ಗ ಎಲ್ಲಿ ಉಜ್ಜಿ ಸವೆಯುತ್ತಿದೆ, ಯಾವ ಹೊಲಿಗೆ ಬಿಡುತ್ತಿದೆ, ಯಾವ ತಿರುಪು ಸಡಿಲವಾಗಿದೆ ಎಂದು ಕೈಯಿಂದ ಮುಟ್ಟಿ ನೋಡಬೇಕು. ಸಮುದ್ರದಲ್ಲಿ ದೋಣಿ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಅದು ಅಲುಗಿದಷ್ಟು ಸಲ ಹಗ್ಗ ಕಬ್ಬಿಣಕ್ಕೆ ಉಜ್ಜುತ್ತದೆ, ಹಾಯಿ ತಂತಿಗೆ ಉಜ್ಜುತ್ತದೆ. ಇಂದು ಬೆರಳಗಲ ಸವೆದದ್ದು ನಾಳೆ ರಾತ್ರಿ ಗಾಳಿಯಲ್ಲಿ ಕಿತ್ತುಹೋಗುತ್ತದೆ. ದೋಣಿಯ ಒಳಗೆ ಸೇರಿದ ನೀರನ್ನು ಪಂಪು ಹೊಡೆದು ಹೊರಗೆ ಹಾಕಬೇಕು. ಒದ್ದೆ ಬಟ್ಟೆ ಒಣಗಿಸಬೇಕು. ಉಪ್ಪುನೀರಿನಲ್ಲಿ ಒಗೆದ ಬಟ್ಟೆ ಎಷ್ಟು ಬಿಸಿಲಿಗೆ ಹಾಕಿದರೂ ಪೂರಾ ಒಣಗುವುದಿಲ್ಲ. ಉಪ್ಪು ಗಾಳಿಯ ತೇವವನ್ನು ಹೀರಿಕೊಂಡು ಮತ್ತೆ ಜಿಗುಟಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಸಂಸಾರ ಮಾಡಿದವರಿಗೆ ಈ ಸಂಕಟವನ್ನು ವಿವರಿಸಬೇಕಿಲ್ಲ.

ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆ ನಮ್ಮಲ್ಲಿದೆ. ಇವರದು ನೀರಿನ ನಡುವೆ ಕೂತು ನೀರಿಗೆ ಬಡತನ. ಕುಡಿಯುವ ನೀರನ್ನು ಲೋಟದ ಲೆಕ್ಕದಲ್ಲಿ ಬಳಸಬೇಕು. ಮಳೆ ಬಂದರೆ ಹಾಯಿಯಿಂದ ಇಳಿಯುವ ನೀರಿಗೆ ಬಕೆಟ್ಟು ಒಡ್ಡಬೇಕು. ಮೊದಲು ಇಳಿಯುವ ನೀರು ಉಪ್ಪು, ಅದನ್ನು ಬಿಟ್ಟು ಆಮೇಲಿನದನ್ನು ಹಿಡಿಯಬೇಕು. ನಾಕ್ಸ್-ಜಾನ್‌ಸ್ಟನ್‌ನ ತೊಟ್ಟಿಯ ನೀರು ದಾರಿಯಲ್ಲೇ ಕೆಟ್ಟುಹೋಗಿ ಅವನು ಬಹುಪಾಲು ಮಳೆನೀರನ್ನೇ ನೆಚ್ಚಬೇಕಾಯಿತು. ಒಲೆಯನ್ನು ತೊಟ್ಟಿಲಿನ ಹಾಗೆ ತೂಗುಹಾಕಿರುತ್ತಾರೆ. ದೋಣಿ ಯಾವ ಕಡೆ ವಾಲಿದರೂ ಪಾತ್ರೆ ನೆಟ್ಟಗೆ ನಿಲ್ಲಲಿ ಎಂದು. ಅಷ್ಟಾದರೂ ಒಂದು ಕೈಯಲ್ಲಿ ಪಾತ್ರೆ ಹಿಡಿದು ಇನ್ನೊಂದು ಕೈಯಲ್ಲಿ ತಮ್ಮನ್ನು ತಾವೇ ಹಿಡಿದುಕೊಳ್ಳಬೇಕು. ಈರುಳ್ಳಿ, ಆಲೂಗೆಡ್ಡೆಗಳನ್ನು ಆಗಾಗ ಆರಿಸಿ ಕೊಳೆತದ್ದನ್ನು ತೆಗೆಯದಿದ್ದರೆ ಒಂದರಿಂದ ಇನ್ನೊಂದಕ್ಕೆ ಹರಡಿ ಚೀಲವೆಲ್ಲ ಹಾಳು. ಮೊಟ್ಟೆ ತಿನ್ನುವವರು ಮೊಟ್ಟೆಗಳಿಗೆ ವ್ಯಾಸಲೀನು ಸವರಿ ಇಡುತ್ತಾರಂತೆ, ಗಾಳಿ ಒಳಗೆ ಹೋಗದೆ ಹೆಚ್ಚು ದಿನ ಬಾಳಲಿ ಎಂದು.

ಇನ್ನು ಹೊಲಿಗೆ. ಹರಿದ ಹಾಯಿಯನ್ನು ದಪ್ಪ ಸೂಜಿ ಹಿಡಿದು ಗಂಟೆಗಟ್ಟಲೆ ಹೊಲಿಯಬೇಕು. ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು ಅದರಿಂದ ಸೂಜಿಯನ್ನು ಒತ್ತುತ್ತಾರೆ. ನಮ್ಮ ಬೆರಳಿನ ಅಂಗುಸ್ತಾನದ ಅಣ್ಣ ಎನ್ನಬಹುದು. ನಾಕ್ಸ್-ಜಾನ್‌ಸ್ಟನ್ ಒಮ್ಮೆ ಹೀಗೆ ಬಗ್ಗಿ ಹೊಲಿಯುವಾಗ ತನ್ನ ಮೀಸೆಯನ್ನೂ ಹಾಯಿಗೆ ಸೇರಿಸಿ ಹೊಲಿದುಬಿಟ್ಟನಂತೆ! ಕತ್ತರಿ ಕೈಗೆ ಎಟುಕಲಿಲ್ಲ. ಕರೆದರೆ ತಂದುಕೊಡುವವರು ಯಾರಿದ್ದಾರೆ? ಜೋರಾಗಿ ಎಳೆದು ಬಿಡಿಸಿಕೊಂಡ.

ನಿದ್ದೆಯ ಕಥೆಯಂತೂ ಎಳೆಮಗುವಿನ ತಾಯಂದಿರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಹಡಗುಗಳು ಓಡಾಡುವ ದಾರಿಯಲ್ಲಿ ಇಪ್ಪತ್ತು ನಿಮಿಷಕ್ಕೆ, ಅರ್ಧ ಗಂಟೆಗೆ ಅಲಾರಂ ಇಟ್ಟುಕೊಂಡು ಎದ್ದು ಸುತ್ತಲೂ ನೋಡಿ ಮತ್ತೆ ಮಲಗಬೇಕು. ಎಷ್ಟು ಆಳದ ನಿದ್ದೆಯಲ್ಲಿದ್ದರೂ ದೋಣಿಯ ಸದ್ದಿನಲ್ಲಿ ಚೂರು ವ್ಯತ್ಯಾಸವಾದರೆ ತಟ್ಟನೆ ಎಚ್ಚರವಾಗುತ್ತದೆ. ತೊಟ್ಟಿಲಲ್ಲಿ ಮಗು ಮಗ್ಗುಲು ಬದಲಿಸಿದರೆ ತಾಯಿಗೆ ಎಚ್ಚರವಾಗುವ ಹಾಗೆ.

ಇದನ್ನೆಲ್ಲ ಗಂಡಸರು ನಡುಗಡಲಿನಲ್ಲಿ ಮಾಡಿದರೆ ಸಾಹಸ, ನಾವು ಅಡುಗೆಮನೆಯಲ್ಲಿ ಮಾಡಿದರೆ 'ಮನೆಯಲ್ಲೇ ಇರ್ತಾರೆ, ಏನು ಕೆಲಸ?' ಇರಲಿ, ಅದು ಬೇರೆ ಪ್ರಬಂಧದ ವಿಷಯ. ಹಾಗೆ ನೋಡಿದರೆ ಹೆಂಗಸರೂ ಈ ದಾರಿಯಲ್ಲಿ ಹೋಗಿಬಂದಿದ್ದಾರೆ. ಒಬ್ಬಳೇ ಭೂಮಿ ಸುತ್ತಿದ ಮೊದಲ ಹೆಣ್ಣುಮಗಳು ಪೋಲೆಂಡಿನ ಕ್ರಿಸ್ಟಿನಾ ಖೊಯ್ನೋವ್‌ಸ್ಕಾ-ಲಿಸ್ಕೆವಿಚ್. ಹಡಗು ಕಟ್ಟುವ ವಿದ್ಯೆ ಕಲಿತ ಎಂಜಿನಿಯರ್ ಆಕೆ. ಅವಳ ಯಾನ 1976ರಿಂದ 1978ರವರೆಗೆ. ಅದೇ 1978ರಲ್ಲಿ ದಕ್ಷಿಣದ ಕೇಪ್ ಹಾರ್ನ್ ದಾರಿಯಾಗಿ ಸುತ್ತಿ ಬಂದವಳು ನ್ಯೂಜಿಲೆಂಡಿನ ನವೋಮಿ ಜೇಮ್ಸ್. ಆಕೆ ಕೂದಲು ಕತ್ತರಿಸುವ ಕೆಲಸ ಮಾಡಿಕೊಂಡಿದ್ದವಳು. ಹಾಯಿ ಹಿಡಿಯಲು ಕಲಿತು ಕೆಲವೇ ವರ್ಷಗಳಾಗಿದ್ದವು. ಜೊತೆಗಿದ್ದ ಬೆಕ್ಕೊಂದು ನೀರಿಗೆ ಬಿದ್ದು ಹೋಯಿತು. ದೋಣಿ ಮಗುಚಿ ಎದ್ದಿತು. 272 ದಿನಗಳ ಮೇಲೆ ದಡ ಸೇರಿದಳು. ಆಸ್ಟ್ರೇಲಿಯದ ಕೇ ಕಾಟೀ 1988ರಲ್ಲಿ 189 ದಿನ ಎಲ್ಲೂ ನಿಲ್ಲದೆ ಸುತ್ತಿ ಸಿಡ್ನಿಗೆ ಮರಳಿದಳು. ಹಾಗೆ ನಿಲ್ಲದೆ ಸುತ್ತಿದ ಹೆಂಗಸರಲ್ಲಿ ಅವಳೇ ಮೊದಲಿಗಳು.

ಈಗ ನಮ್ಮ ಪ್ರಶ್ನೆಗೆ ಬರೋಣ. ನಡುಗಡಲಿನಲ್ಲಿ ನೋಡುವವರು ಯಾರೂ ಇಲ್ಲ. ಇಂದು ಮುಖ ತೊಳೆಯದಿದ್ದರೆ ಕೇಳುವವರಿಲ್ಲ. ಬಿಸಿ ಊಟ ಮಾಡದೆ ಡಬ್ಬಿಯಿಂದ ತಣ್ಣಗಿನದನ್ನೇ ತಿಂದರೆ ಬೈಯುವವರಿಲ್ಲ. ಆದರೂ ಇವರೆಲ್ಲ ದಿನಕ್ಕೊಂದು ಕ್ರಮ ಕಟ್ಟಿಕೊಂಡು ಬದುಕುತ್ತಾರೆ. 1895ರಿಂದ 1898ರವರೆಗೆ ಒಬ್ಬನೇ ಮೊದಲ ಬಾರಿಗೆ ಭೂಮಿ ಸುತ್ತಿದ ಜೋಶುವಾ ಸ್ಲೋಕಂ ಎಂಬ ಮುದಿ ಕಪ್ತಾನ, ಚುಕ್ಕಾಣಿಯ ಬಳಿ ಯಾರೋ ಇದ್ದಾರೆ ಎನ್ನುವಂತೆ ಗಟ್ಟಿಯಾಗಿ ಆಜ್ಞೆ ಕೊಡುತ್ತಿದ್ದನಂತೆ, ಮಾತಾಡುವ ಅಭ್ಯಾಸ ಬಿಟ್ಟುಹೋಗದಿರಲಿ ಎಂದು. ಕೇಳಲು ಕಿವಿಯೇ ಇಲ್ಲದ ಕಡೆ ತನ್ನ ದನಿಯನ್ನು ಉಳಿಸಿಕೊಳ್ಳುವುದೂ ಅವನಿಗೆ ಒಂದು ದಿನನಿತ್ಯದ ಕೆಲಸವಾಗಿತ್ತು.

ಈ ಎಲ್ಲ ಕೆಲಸಗಳಲ್ಲಿ ಯಾರೂ ತಪ್ಪಿಸದ ಕೆಲಸ ಒಂದಿದೆ. ಅದು ಲಾಗ್ ಪುಸ್ತಕ ಬರೆಯುವುದು. ನಡುಮಧ್ಯಾಹ್ನ ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಸೆಕ್ಸ್‌ಟಂಟ್ ಎಂಬ ಸಾಧನವನ್ನು ಕಣ್ಣಿಗೆ ಹಿಡಿದು, ಸೂರ್ಯ ಕ್ಷಿತಿಜದಿಂದ ಎಷ್ಟು ಎತ್ತರದಲ್ಲಿದ್ದಾನೆ ಎಂದು ಅಳೆಯುತ್ತಾರೆ. ಅದರಿಂದ ಅಕ್ಷಾಂಶ ಸಿಗುತ್ತದೆ. ಸರಿಯಾದ ಗಡಿಯಾರವಿದ್ದರೆ ರೇಖಾಂಶವೂ ಸಿಗುತ್ತದೆ. ಆಮೇಲೆ ನಕ್ಷೆಯ ಮೇಲೆ ಪೆನ್ಸಿಲಿನಿಂದ ಒಂದು ಚುಕ್ಕೆ. ಲಾಗ್ ಪುಸ್ತಕದಲ್ಲಿ ಗಾಳಿ ಯಾವ ಕಡೆಯಿಂದ, ದೋಣಿಯ ದಿಕ್ಕು ಯಾವುದು, ನಿನ್ನೆಯಿಂದ ಎಷ್ಟು ಮೈಲಿ ಎಂದು ನಾಲ್ಕು ಸಾಲು.

ಮೋಡ ಕವಿದು ವಾರಗಟ್ಟಲೆ ಸೂರ್ಯ ಕಾಣದಿದ್ದರೆ? ಆಗ ಲೆಕ್ಕವೊಂದೇ ಗತಿ. ನಿನ್ನೆ ಮಧ್ಯಾಹ್ನ ಇಲ್ಲಿದ್ದೆ, ಗಂಟೆಗೆ ಇಷ್ಟು ಮೈಲಿಯಂತೆ ಈ ದಿಕ್ಕಿಗೆ ಬಂದಿದ್ದೇನೆ, ಆದ್ದರಿಂದ ಈಗ ಇಲ್ಲಿರಬೇಕು. ಇಂದಿನ ಜಾಗ ಗೊತ್ತಾಗುವುದು ನಿನ್ನೆ ಬರೆದದ್ದರಿಂದ. ನಿನ್ನೆ ಸುಳ್ಳು ಬರೆದಿದ್ದರೆ ಇಂದು ತಾನು ಎಲ್ಲಿದ್ದೇನೆಂದು ತನಗೇ ತಿಳಿಯುವುದಿಲ್ಲ. ಇದನ್ನು ಓದಿದಾಗ ಪುಸ್ತಕ ಮಡಿಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಲಾಗ್ ಪುಸ್ತಕ ಇರುವುದು ಯಾರೋ ಮೇಲಧಿಕಾರಿಗೆ ತೋರಿಸಲಿಕ್ಕೆ ಎಂದು ನಾನು ಅಂದುಕೊಂಡಿದ್ದೆ. ಅದು ಮೊದಲಿಗೆ ಬರೆದವನಿಗೇ ಬೇಕಾದದ್ದು. ಇಂದಿನ ಮನುಷ್ಯ ನಾಳೆಯ ಮನುಷ್ಯನಿಗೆ ಬರೆದಿಡುವ ಕಾಗದ ಅದು.

ಈ ಮಾತು ಎಷ್ಟು ನಿಜ ಎನ್ನುವುದಕ್ಕೆ ಅದೇ 1968ರ ಸಮುದ್ರದಲ್ಲೇ ಒಂದು ದುಃಖದ ಕಥೆಯಿದೆ. ನಾಕ್ಸ್-ಜಾನ್‌ಸ್ಟನ್ ಹೊರಟದ್ದು ಲಂಡನ್ನಿನ 'ಸಂಡೇ ಟೈಮ್ಸ್' ಪತ್ರಿಕೆ ಏರ್ಪಡಿಸಿದ್ದ ಪಂದ್ಯಕ್ಕೆ. ಜೂನ್ 1ರಿಂದ ಅಕ್ಟೋಬರ್ 31ರೊಳಗೆ ಯಾವ ದಿನ ಬೇಕಾದರೂ ಹೊರಡಬಹುದು. ಮೊದಲು ಮುಗಿಸಿದವರಿಗೆ ಚಿನ್ನದ ಬಣ್ಣದ ಗೋಳ, ಕಡಿಮೆ ದಿನದಲ್ಲಿ ಮುಗಿಸಿದವರಿಗೆ 5,000 ಪೌಂಡು. ಒಂಬತ್ತು ಜನ ಹೊರಟರು. ಅವರಲ್ಲಿ ಕೊನೆಯವನು ಡೊನಾಲ್ಡ್ ಕ್ರೌಹರ್ಸ್ಟ್. ಅವನು ಹುಟ್ಟಿದ್ದೂ ನಮ್ಮ ದೇಶದಲ್ಲೇ, 1932ರಲ್ಲಿ, ಗಾಜಿಯಾಬಾದಿನಲ್ಲಿ. ಇಂಗ್ಲೆಂಡಿನಲ್ಲಿ ಎಲೆಕ್ಟ್ರಾನಿಕ್ಸ್ ಸಾಧನಗಳ ಸಣ್ಣ ಉದ್ಯಮ ನಡೆಸುತ್ತಿದ್ದ. ಹೆಂಡತಿ ಕ್ಲೇರ್, ನಾಲ್ಕು ಜನ ಮಕ್ಕಳು. ವ್ಯಾಪಾರ ಕುಸಿಯುತ್ತಿತ್ತು. ಬಂಡವಾಳ ಹಾಕಿದವನೊಡನೆ ಮಾಡಿಕೊಂಡ ಕರಾರಿನಲ್ಲಿ ಮನೆಯೂ ಅಡವಿಗೆ ಹೋಗಿತ್ತು. ದೋಣಿ ಪೂರ್ತಿ ಸಿದ್ಧವಾಗದೆ ಕೊನೆಯ ದಿನವಾದ ಅಕ್ಟೋಬರ್ 31ಕ್ಕೆ ಹೊರಟ.

ಅಟ್ಲಾಂಟಿಕ್ ಸಾಗರಕ್ಕೆ ಇಳಿದ ಮೇಲೆ ಅವನಿಗೆ ಗೊತ್ತಾಯಿತು: ಈ ದೋಣಿ ದಕ್ಷಿಣದ ಬಿರುಗಾಳಿಗೆ ತಡೆಯುವುದಿಲ್ಲ. ಮುಂದೆ ಹೋದರೆ ಸಾವು, ಹಿಂದೆ ಬಂದರೆ ದಿವಾಳಿ ಮತ್ತು ಅವಮಾನ. ಡಿಸೆಂಬರ್ ತಿಂಗಳಿನಿಂದ ಅವನು ಎರಡು ಲೆಕ್ಕ ಇಡತೊಡಗಿದ. ತಾನು ನಿಜವಾಗಿ ಇರುವ ಜಾಗದ್ದು ಒಂದು, ಊರಿಗೆ ರೇಡಿಯೋದಲ್ಲಿ ತಿಳಿಸಬೇಕಾದ ಜಾಗದ್ದು ಇನ್ನೊಂದು. ಒಂದೇ ದಿನದಲ್ಲಿ 243 ಮೈಲಿ ಹೋದೆ ಎಂದು ಸುದ್ದಿ ಕಳಿಸಿದ. ಪತ್ರಿಕೆಗಳು ಕೊಂಡಾಡಿದವು. ಆಮೇಲೆ ಜನರೇಟರಿನ ತೊಂದರೆಯ ನೆಪ ಹೇಳಿ ರೇಡಿಯೋದಲ್ಲಿ ತಿಂಗಳುಗಟ್ಟಲೆ ಮೌನವಾದ. ಉಳಿದವರು ಭೂಮಿ ಸುತ್ತಿ ಬರುವವರೆಗೆ ಅಟ್ಲಾಂಟಿಕ್ಕಿನಲ್ಲೇ ಅಡ್ಡಾಡುತ್ತಿದ್ದು, ಅವರ ಹಿಂದೆ ಸೇರಿಕೊಂಡು ಮನೆಗೆ ಮರಳುವುದು ಅವನ ಯೋಜನೆ.

ಸುಳ್ಳು ಹೇಳುವುದು ಸುಲಭ ಎನ್ನುತ್ತಾರೆ. ಅವನ ದಿನಚರಿಯನ್ನು ಯೋಚಿಸಿ ನೋಡಿ. ತಾನು ಹೋಗದ ಜಾಗದಲ್ಲಿ ಸೂರ್ಯ ಎಷ್ಟು ಎತ್ತರದಲ್ಲಿರುತ್ತಾನೆಂದು ಉತ್ತರದಿಂದ ಹಿಂದಕ್ಕೆ ಲೆಕ್ಕ ಕಟ್ಟಬೇಕು. ಆ ಸಮುದ್ರದಲ್ಲಿ ಅಂದು ಗಾಳಿ ಹೇಗಿತ್ತೆಂದು ರೇಡಿಯೋದ ಹವಾಮಾನ ವರದಿ ಕೇಳಿ ಬರೆದುಕೊಳ್ಳಬೇಕು. ನಿಜವಾದ ದೋಣಿಯನ್ನು ನಡೆಸುವ ಕೆಲಸದ ಜೊತೆಗೆ ಇಲ್ಲದ ದೋಣಿಯೊಂದನ್ನು ನಡೆಸುವ ಕೆಲಸ. ಇವನು ಪ್ರಾಮಾಣಿಕರಿಗಿಂತ ಹೆಚ್ಚು ದುಡಿದ.

ಅವನ ಸುಳ್ಳು ಅವನ ದೋಣಿಯಲ್ಲೇ ಉಳಿಯಲಿಲ್ಲ. ಭೂಮಿಯನ್ನು ನಿಜವಾಗಿಯೂ ಸುತ್ತಿ ಮನೆಯ ಕಡೆಗೆ ಬರುತ್ತಿದ್ದ ನೈಜೆಲ್ ಟೆಟ್ಲಿ ಎಂಬಾತನಿಗೆ, ಹಿಂದಿನಿಂದ ಕ್ರೌಹರ್ಸ್ಟ್ ವೇಗವಾಗಿ ಬರುತ್ತಿದ್ದಾನೆ ಎಂಬ ಸುದ್ದಿ ಮುಟ್ಟಿತು. ಮೊದಲೇ ಜಖಂ ಆಗಿದ್ದ ತನ್ನ ದೋಣಿಯನ್ನು ಟೆಟ್ಲಿ ಶಕ್ತಿಮೀರಿ ಓಡಿಸಿದ. 1969ರ ಮೇ ತಿಂಗಳಲ್ಲಿ, ಗುರಿ ಹತ್ತಿರವಾಗುತ್ತಿದ್ದಾಗ, ಅದು ಮುಳುಗಿತು. ಪುಣ್ಯಕ್ಕೆ ಅವನ ಜೀವ ಉಳಿಯಿತು. ಈಗ ಕ್ರೌಹರ್ಸ್ಟ್ ಸುಮ್ಮನೆ ಹಿಂದೆ ಬಂದು ಮರೆಯಲ್ಲಿ ಉಳಿಯುವಂತಿರಲಿಲ್ಲ. ಬಹುಮಾನ ಅವನಿಗೇ, ಜಗತ್ತಿನ ಕಣ್ಣೆಲ್ಲ ಅವನ ಲಾಗ್ ಪುಸ್ತಕದ ಮೇಲೇ. ಊರಿನಲ್ಲಿ ಸ್ವಾಗತದ ಸಿದ್ಧತೆ ನಡೆಯುತ್ತಿತ್ತು. ಕೊನೆಯ ಒಂದು ವಾರ ಅವನು ಲೆಕ್ಕ ಬಿಟ್ಟು, ದೇವರು, ಕಾಲ, ಮನುಷ್ಯನ ಬುದ್ಧಿ ಎಂದು ಸಾವಿರಾರು ಪದಗಳನ್ನು ಬರೆದ. ಕೊನೆಯ ಸಾಲುಗಳ ದಿನಾಂಕ 1969ರ ಜುಲೈ 1. ಹತ್ತು ದಿನಗಳೊಳಗೆ ಒಂದು ಹಡಗಿನವರಿಗೆ ದೋಣಿ ಸಿಕ್ಕಿತು. ಒಳಗೆ ಪುಸ್ತಕಗಳಿದ್ದವು, ಅವನಿರಲಿಲ್ಲ.

ನನ್ನನ್ನು ಕಾಡುವುದು ಒಂದು ಸಂಗತಿ. ನಿಜದ ಲೆಕ್ಕವನ್ನು ಅವನು ನೀರಿಗೆ ಎಸೆದಿರಲಿಲ್ಲ. ಎಸೆದಿದ್ದರೆ ಸತ್ತ ಮೇಲಾದರೂ ವೀರನಾಗಿ ಉಳಿಯುತ್ತಿದ್ದನೇನೋ. ಇಟ್ಟು ಹೋದ. ಏಳು ತಿಂಗಳ ಕಾಲ ಸುಳ್ಳು ಕಳಿಸಿದವನೂ ತನ್ನ ನಿಜವಾದ ಜಾಗವನ್ನು ದಿನವೂ ಬರೆದಿಡಬೇಕಾಯಿತು, ಇಲ್ಲದಿದ್ದರೆ ಅವನು ಸಮುದ್ರದಲ್ಲಿ ಕಳೆದುಹೋಗುತ್ತಿದ್ದ. ಸುಳ್ಳು ಇದ್ದದ್ದು ಊರಿನವರಿಗೆ. ಸತ್ಯ ಅವನಿಗೇ ಬೇಕಾಗಿತ್ತು.

ಅವನನ್ನು ಕಳ್ಳ ಎಂದು ಬೈದು ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ. 'ನನ್ನಿಂದ ಆಗಲಿಲ್ಲ, ಹಿಂದೆ ಬಂದೆ' ಎಂದು ಹೇಳಿಕೊಂಡು ಮನೆಯ ಬಾಗಿಲಿಗೆ ಬರಲು ಒಂದು ದಾರಿ ಇದ್ದಿದ್ದರೆ? ನಮ್ಮ ನಡುವೆಯೂ ಎಷ್ಟು ಹೆಣ್ಣುಮಕ್ಕಳು ಗಂಡನ ಮನೆಯಿಂದ ತವರಿಗೆ ಫೋನು ಮಾಡಿ "ಎಲ್ಲಾ ಚೆನ್ನಾಗಿದೆ ಅಮ್ಮ" ಎನ್ನುತ್ತಾರೆ! ಅವರೂ ಎರಡು ಲೆಕ್ಕ ಇಡುತ್ತಿರುವವರೇ. ಎರಡನೆಯ ಲೆಕ್ಕವನ್ನು ಅವರಿಗೆ ಕಲಿಸಿದ್ದು ಹಿಂದಿರುಗುವ ಬಾಗಿಲನ್ನು ಮುಚ್ಚಿದ ನಾವು. ಸುಳ್ಳು ಹೇಳಿದವರ ನೀತಿಯನ್ನು ವಿಚಾರಿಸುವ ಮೊದಲು, ನಿಜ ಹೇಳಿದರೆ ನಾವು ಹೇಗೆ ಬರಮಾಡಿಕೊಳ್ಳುತ್ತಿದ್ದೆವು ಎಂದೂ ವಿಚಾರಿಸಬೇಕು. ನಾಕ್ಸ್-ಜಾನ್‌ಸ್ಟನ್ ಹಾಗೆ ವಿಚಾರಿಸಿದವನಿರಬೇಕು. ವೇಗದ ಬಹುಮಾನವೂ ಕೊನೆಗೆ ಅವನಿಗೇ ಬಂತು, ಏಕೆಂದರೆ ಪಂದ್ಯ ಮುಗಿಸಿದವನು ಅವನೊಬ್ಬನೇ. ಆ 5,000 ಪೌಂಡುಗಳನ್ನು ಅವನು ಕ್ರೌಹರ್ಸ್ಟ್‌ನ ಹೆಂಡತಿ ಮಕ್ಕಳಿಗೆ ಕೊಟ್ಟುಬಿಟ್ಟ.

ಅವನೂ ತಿಂಗಳುಗಟ್ಟಲೆ ಮೌನದಲ್ಲಿದ್ದವನೇ. ರೇಡಿಯೋ ನಿಜವಾಗಿಯೇ ಕೆಟ್ಟು, ನ್ಯೂಜಿಲೆಂಡ್ ದಾಟಿದ ಮೇಲೆ ಸುಮಾರು ನಾಲ್ಕೂವರೆ ತಿಂಗಳು ಅವನು ಬದುಕಿದ್ದಾನೋ ಇಲ್ಲವೋ ಎಂದು ಯಾರಿಗೂ ತಿಳಿದಿರಲಿಲ್ಲ. ತಾನಾಗಿ ಚುಕ್ಕಾಣಿ ತಿರುಗಿಸುವ ಸಾಧನವೂ ಮುರಿದುಹೋಗಿತ್ತು. ಇಬ್ಬರದೂ ಅದೇ ವರ್ಷ, ಯಾರೂ ನೋಡದ ಅದೇ ಏಕಾಂತ. ಒಬ್ಬ ಹಾಯಿ ಹೊಲಿದು, ನೀರು ಹಿಡಿದು, ದಿನಕ್ಕೊಂದು ಚುಕ್ಕೆ ಇಟ್ಟುಕೊಂಡು ಮನೆಗೆ ಬಂದ. ಅವನು ದೊಡ್ಡ ಮಹಾತ್ಮನಾಗಿದ್ದನೆಂದು ಇದಕ್ಕೆ ಅರ್ಥವಲ್ಲ. ಅವನಿಗೆ ಇಡಬೇಕಾಗಿದ್ದುದು ಒಂದೇ ಲೆಕ್ಕ.

ಇಷ್ಟೆಲ್ಲ ಓದುವಾಗ ಇನ್ನೊಂದು ಪ್ರಶ್ನೆ ನಿಮ್ಮ ಮನಸ್ಸಿಗೂ ಬಂದಿರುತ್ತದೆ. ಹೀಗೆ ಎಲ್ಲರನ್ನೂ ಬಿಟ್ಟು ಹೋಗುವುದು ಸ್ವಾರ್ಥವಲ್ಲವೇ? ಅದೇ ಪಂದ್ಯದಲ್ಲಿ ಬರ್ನಾರ್ಡ್ ಮ್ವಾತೆಸಿಯೆ ಎಂಬ ಫ್ರೆಂಚ್ ನಾವಿಕನಿದ್ದ. ದೋಣಿಯ ಮೇಲೆ ಯೋಗಾಸನ ಹಾಕಿ ಕೂರುತ್ತಿದ್ದ ಮನುಷ್ಯ. ಗೆಲ್ಲುವ ಅವಕಾಶ ಚೆನ್ನಾಗಿಯೇ ಇತ್ತು. ಆದರೆ ಕೇಪ್ ಹಾರ್ನ್ ದಾಟಿದ ಮೇಲೆ ಅವನಿಗೆ ಬಹುಮಾನ, ಜನಜಂಗುಳಿ ಎಲ್ಲ ಬೇಡವೆನಿಸಿತು. ಕೇಪ್‌ಟೌನಿನ ಬಳಿ ಹಡಗೊಂದಕ್ಕೆ ಚಾಟರಬಿಲ್ಲಿನಿಂದ ಸಂದೇಶ ಬೀರಿ, ತಾನು ಪಂದ್ಯ ಬಿಟ್ಟಿದ್ದೇನೆಂದು ತಿಳಿಸಿ, ಮತ್ತೆ ಅರ್ಧ ಭೂಮಿ ಸುತ್ತಿ ತಾಹಿತಿ ದ್ವೀಪಕ್ಕೆ ಹೋಗಿ ಇಳಿದ. ಗಂಡಸರು ಇದನ್ನು ವೈರಾಗ್ಯವೆಂದು ಮೆಚ್ಚುತ್ತಾರೆ. ನಾನೂ ಅರ್ಧ ಮೆಚ್ಚುತ್ತೇನೆ. ಇನ್ನರ್ಧ ಮನಸ್ಸು ಫ್ರಾನ್ಸಿನಲ್ಲಿ ಕಾದಿದ್ದ ಅವನ ಹೆಂಡತಿಯ ಕಡೆ ಹೋಗುತ್ತದೆ. ಅವನದು ಸುಳ್ಳಲ್ಲ, ಮನಸ್ಸಿನಲ್ಲಿದ್ದದ್ದನ್ನೇ ಹೇಳಿ ಹೋದ. ಆದರೆ ತನಗೆ ತಾನು ನಿಜವಾಗಿರುವುದಷ್ಟೇ ಸಾಲದು, ನನ್ನ ನಿಜದ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂದೂ ನೋಡಬೇಕು. ಈ ಲೆಕ್ಕ ನಮ್ಮ ಹೆಂಗಸರಿಗೆ ಬೇಗ ಹೊಳೆಯುತ್ತದೆ, ತೆರುತ್ತ ಬಂದವರು ನಾವಾದ್ದರಿಂದ.

ಒಂಟಿಯಾಗಿದ್ದೂ ಇತರರನ್ನು ಮರೆಯದವರ ಕಥೆಯನ್ನೂ ಹೇಳಬೇಕು. 1968ರ ಪಂದ್ಯದ ನೆನಪಿಗೆ, ಅದೇ ಹಳೆಯ ಕಾಲದ ಸಾಧನಗಳನ್ನಷ್ಟೇ ಬಳಸಿ, 2018ರಲ್ಲಿಯೂ 2022ರಲ್ಲಿಯೂ ಪಂದ್ಯ ನಡೆಯಿತು. 2022ರ ಪಂದ್ಯದಲ್ಲಿದ್ದ ದಕ್ಷಿಣ ಆಫ್ರಿಕಾದ ಕರ್ಸ್ಟನ್ ನೊಯ್‌ಶೇಫರ್, ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಇನ್ನೊಬ್ಬ ಸ್ಪರ್ಧಿಯ ದೋಣಿ ಮುಳುಗಿತೆಂದು ತಿಳಿದ ಕೂಡಲೇ ದಾರಿ ಬದಲಿಸಿ ಹೋಗಿ, ರಬ್ಬರಿನ ತೆಪ್ಪದಲ್ಲಿದ್ದ ಅವನನ್ನು ತನ್ನ ದೋಣಿಗೆ ಹತ್ತಿಸಿಕೊಂಡಳು. ಸರಕು ಹಡಗೊಂದಕ್ಕೆ ಅವನನ್ನು ಒಪ್ಪಿಸಿ ಮತ್ತೆ ತನ್ನ ದಾರಿ ಹಿಡಿದಳು. 2023ರ ಏಪ್ರಿಲಿನಲ್ಲಿ ಆ ಪಂದ್ಯವನ್ನು ಗೆದ್ದವಳೂ ಅವಳೇ. ಎರಡನೆಯವನಾಗಿ ಬಂದವನು ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ. 2018ರ ಪಂದ್ಯದಲ್ಲಿ ಬಿರುಗಾಳಿಗೆ ಸಿಕ್ಕಿ ಬೆನ್ನುಮೂಳೆ ಮುರಿದುಕೊಂಡು, ಕದಲಲಾಗದೆ ದೋಣಿಯಲ್ಲಿ ಮಲಗಿದ್ದವನನ್ನು ಫ್ರೆಂಚ್ ಹಡಗೊಂದು ರಕ್ಷಿಸಿತ್ತು. ಅದಕ್ಕೂ ಮೊದಲು, 2012ರ ನವೆಂಬರಿನಲ್ಲಿ ಮುಂಬಯಿಯಿಂದ ಹೊರಟು 2013ರಲ್ಲಿ ಮರಳಿ, ನಿಲ್ಲದೆ ಒಬ್ಬನೇ ಭೂಮಿ ಸುತ್ತಿದ ಮೊದಲ ಭಾರತೀಯ ಎನಿಸಿದ್ದ. ಆಗಿನ ಅವನ ದೋಣಿ ಗೋವಾದಲ್ಲಿ ಕಟ್ಟಿದ್ದು. ಹೆಸರು 'ಮ್ಹಾದೈ'. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟಿ ಗೋವಾಕ್ಕೆ ಇಳಿಯುವ ಮಹದಾಯಿ ನದಿಯ ಹೆಸರು. ನೀರಿನ ಹಂಚಿಕೆಯ ಸುದ್ದಿಯಲ್ಲಷ್ಟೇ ನಾವು ಕೇಳುವ ಆ ಹೊಳೆಯ ಹೆಸರು ಕೇಪ್ ಹಾರ್ನ್ ನೋಡಿ ಬಂದಿದೆ ಎಂದು ತಿಳಿದಾಗ ನನಗೆ ಏಕೋ ಸಂತೋಷವಾಯಿತು.

ನಮ್ಮ ಬೀದಿಯಲ್ಲಿ ನಿವೃತ್ತರಾದ ಟೀಚರೊಬ್ಬರು ಒಬ್ಬರೇ ಇದ್ದಾರೆ. ದಿನವೂ ಒಂದು ಹಿಡಿ ಬೇಳೆ ಹಾಕಿ ಸಾರು ಮಾಡಿ, ಒಗ್ಗರಣೆ ಹಾಕಿ, ತಟ್ಟೆಯ ಪಕ್ಕ ನೀರಿನ ಲೋಟ ಇಟ್ಟುಕೊಂಡು ಕೂತು ಊಟ ಮಾಡುತ್ತಾರೆ. "ಒಬ್ಬರಿಗೆ ಇಷ್ಟೆಲ್ಲ ಯಾಕೆ ಟೀಚರೇ?" ಎಂದು ಯಾರೋ ಕೇಳಿದ್ದಕ್ಕೆ, "ನಾನೂ ಒಬ್ಬಳು ಮನುಷ್ಯಳೇ ಅಲ್ಲವೇನಮ್ಮ?" ಎಂದರಂತೆ. ಅದರಲ್ಲಿ ಜಂಬವಿಲ್ಲ, ತನ್ನ ಮೇಲೆ ಕರುಣೆಯೂ ಇಲ್ಲ. ಇಂದು ಬುಧವಾರ, ಇಂದು ತಿಂದದ್ದು ಹೀರೇಕಾಯಿ ಸಾರು, ನಾಳೆ ಸೊಪ್ಪು ತರಬೇಕು ಎಂಬುದು ಅವರಿಗೆ ಗೊತ್ತು. ಅಂದರೆ ತಾವು ಎಲ್ಲಿದ್ದೇವೆ ಎಂಬುದು ಗೊತ್ತು. ದಿನಗಳೆಲ್ಲ ಒಂದರಲ್ಲೊಂದು ಕರಗಿ ಬರಿಯ ನೀರಾಗುವುದು ಸಮುದ್ರದಲ್ಲಿ ಮಾತ್ರವಲ್ಲ, ಮಕ್ಕಳು ಹೊರಟುಹೋದ ಮನೆಗಳಲ್ಲೂ ಆಗುತ್ತದೆ. ಅಲ್ಲಿ ಬೇಳೆ ಬೇಯಿಸುವುದು, ತಲೆ ಬಾಚಿಕೊಳ್ಳುವುದು, ಬಾಗಿಲಿಗೆ ನೀರು ಹಾಕಿ ರಂಗೋಲಿಯ ನಾಲ್ಕು ಎಳೆ ಎಳೆಯುವುದು, ಇವು ಯಾರನ್ನೋ ಮೆಚ್ಚಿಸುವ ಕೆಲಸಗಳಲ್ಲ.

ಒಂದು ದಿನ ತಪ್ಪಿಸಿದರೆ ಸಮುದ್ರ ಕೂಡಲೇ ಶಿಕ್ಷೆ ಕೊಡುತ್ತದೆ, ಹಗ್ಗ ಕಿತ್ತುಹೋಗುತ್ತದೆ. ಮನೆ ಹಾಗಲ್ಲ, ಅದು ತಾಳ್ಮೆಯಿಂದ ಕಾಯುತ್ತದೆ. ಸವೆದದ್ದು ಕಣ್ಣಿಗೆ ಬೀಳುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ವ್ಯತ್ಯಾಸ ಇಷ್ಟೇ ಎಂದು ನನಗೆ ತೋರುತ್ತದೆ.

ನಮ್ಮ ಅಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕಕ್ಕೆ ದಿನವೂ ಒಂದು ಚುಕ್ಕೆ ಇಡುತ್ತಿದ್ದಳು. ಅರ್ಧ ಲೀಟರಿಗೆ ಒಂದು ಚುಕ್ಕೆ, ಹೆಚ್ಚು ತೆಗೆದುಕೊಂಡ ದಿನ ಎರಡು. ಅಪ್ಪ ಹೋದ ಮೇಲೆ ಹಾಲು ಕಾಲು ಲೀಟರಿಗೆ ಇಳಿಯಿತು, ಚುಕ್ಕೆ ಚಿಕ್ಕದಾಯಿತು, ನಿಲ್ಲಲಿಲ್ಲ. ತಿಂಗಳ ಕೊನೆಗೆ ಹಾಲಿನವನು ಹೇಳಿದ ಮೊತ್ತವನ್ನು ಅವಳು ಮರುಮಾತಿಲ್ಲದೆ ಕೊಡುತ್ತಿದ್ದಳು. ಹಾಗಾದರೆ ಚುಕ್ಕೆ ಯಾಕಮ್ಮ ಎಂದರೆ, "ನನಗೆ ಗೊತ್ತಿರಬೇಕಲ್ಲೇ" ಎನ್ನುತ್ತಿದ್ದಳು.